ಬಿಲ್ ಗುತ್ರಿಜ್: 30 ವರ್ಷ ಪಕ್ಕದ ಕುರ್ಚೀಲೇ ಕೂತ ಬ್ಯಾಸ್ಕೆಟ್‌ಬಾಲ್ ಅಸಿಸ್ಟೆಂಟ್ ಕೋಚ್. ಹೆಡ್ ಆಗೋಕೆ ಆಗ್ಲಿಲ್ವಾ, ಬೇಡ ಅಂದ್ರಾ?

ಕ್ಯಾರಿ_ಕಾಫಿ

ಎಲ್ರಿಗೂ ನಮಸ್ಕಾರ. ಇಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಆಟದ ಬಗ್ಗೆ ಬರೆದ್ರೆ ನಾಲ್ಕು ಜನಾನೂ ಬರಲ್ಲ ಅಂತ ಗೊತ್ತು, ಆದ್ರೂ ಬರೀತಿದೀನಿ, ಎರಡು ದಿನದಿಂದ ತಲೇಲಿ ಕೂತ್ಬಿಟ್ಟಿದೆ.

ನಾನಿರೋದು ನಾರ್ತ್ ಕ್ಯಾರೊಲೈನಾದ ಕ್ಯಾರಿ ಊರಲ್ಲಿ, ಕ್ಯಾರೊಲೈನಾ ಯೂನಿವರ್ಸಿಟಿ ಇರೋ ಚಾಪೆಲ್ ಹಿಲ್ ಇಲ್ಲಿಂದ ಅರ್ಧ ಗಂಟೆ ದಾರಿ. ಈ ಕಡೆ ಹೊಸದಾಗಿ ಬಂದವ್ರನ್ನ ಮೊದಲ ವಾರದಲ್ಲೇ ಕೇಳೋದು ಯಾವ ದೇಶ ಯಾವ ಜಾತಿ ಅಂತ ಅಲ್ಲ, ಡ್ಯೂಕಾ ಕ್ಯಾರೊಲೈನಾನಾ ಅಂತ. ಎರಡೂ ಇಲ್ಲಿನ ಯೂನಿವರ್ಸಿಟಿ, ಬ್ಯಾಸ್ಕೆಟ್‌ಬಾಲಲ್ಲಿ ಬದ್ಧವೈರಿಗಳು. ಆಗ ನಂಗೆ ಬ್ಯಾಸ್ಕೆಟ್‌ಬಾಲ್ ಅಂದ್ರೆ ಮೈಕಲ್ ಜೋರ್ಡನ್ ಒಬ್ಬನೇ ಗೊತ್ತಿದ್ದಿದ್ದು, ಅವನು ಓದಿದ್ದು ಇಲ್ಲೇ ಅಂದ್ರು, ಕ್ಯಾರೊಲೈನಾದ ತಿಳಿನೀಲಿ ಪಕ್ಷ ಸೇರ್ಕೊಂಡೆ, ಅಲ್ಲಿಗೆ ಮುಗೀತು.

ಮೊನ್ನೆ ಮಗಳು ಹಳೇ ಮ್ಯಾಚ್ ನೋಡ್ತಿದ್ಲು, 1982ರ ಕಾಲೇಜ್ ಫೈನಲ್. ಜೋರ್ಡನ್ ಕೊನೇಲಿ ಶಾಟ್ ಹಾಕಿ 63-62ರಲ್ಲಿ ಜಾರ್ಜ್‌ಟೌನ್‌ನ ಸೋಲಿಸಿದ್ದು. ಕ್ಯಾರೊಲೈನಾ ಹೆಡ್ ಕೋಚ್ ಡೀನ್ ಸ್ಮಿತ್ ಪಕ್ಕದಲ್ಲಿ ಒಬ್ರು ತುಟಿ ಬಿಗಿಹಿಡ್ಕೊಂಡು ಕೂತಿದ್ರು, ಇವರ್ಯಾರು ಅಪ್ಪಾ ಅಂದ್ಲು. ಬಿಲ್ ಗುತ್ರಿಜ್ ಅಂದೆ. ಅವ್ರು ಏನು ಮಾಡ್ತಾರೆ ಅಂದ್ಲು. ಅಸಿಸ್ಟೆಂಟ್ ಕೋಚ್ ಅಂದೆ. ಎಷ್ಟು ವರ್ಷ ಅಂದ್ಲು. 30 ಅಂದೆ. 'ಯಾಕೆ ಪ್ರಮೋಷನ್ ಕೊಡ್ಲಿಲ್ಲ?' ಅಂದ್ಲು ನೋಡಿ, ಉತ್ತರ ಹೊಳೀಲಿಲ್ಲ. ಅದಕ್ಕೇ ಇಲ್ಲಿ ಬಂದೆ.

ಗೊತ್ತಿಲ್ಲದವ್ರಿಗೆ ಚಿಕ್ಕದಾಗಿ: ಹುಟ್ಟಿದ್ದು 1937, ಕ್ಯಾನ್ಸಸ್‌ನ ಪಾರ್ಸನ್ಸ್ ಅನ್ನೋ ಸಣ್ಣ ಊರು. ಆಡಿದ್ದು ಕ್ಯಾನ್ಸಸ್ ಸ್ಟೇಟ್ ಯೂನಿವರ್ಸಿಟಿಗೆ, ಕೋಚ್ ಟೆಕ್ಸ್ ವಿಂಟರ್ ಕೈಕೆಳಗೆ. 1960ರಲ್ಲಿ ಡಿಗ್ರಿ ಮುಗಿಸಿ ಎರಡು ವರ್ಷ ಸ್ಕಾಟ್ ಸಿಟೀಲಿ ಹೈಸ್ಕೂಲ್ ಕೋಚಿಂಗ್, 1962ರಿಂದ 67ರವರೆಗೆ ಅದೇ ವಿಂಟರ್‌ಗೆ ಅಸಿಸ್ಟೆಂಟ್, 1967ರಲ್ಲಿ ಚಾಪೆಲ್ ಹಿಲ್‌ಗೆ ಬಂದು ಡೀನ್ ಸ್ಮಿತ್ ಪಕ್ಕ ಕೂತವ್ರು ಎದ್ದಿದ್ದು 1997ರಲ್ಲಿ. ಆಗ ವಯಸ್ಸು 60. ಆಮೇಲೆ ಮೂರೇ ವರ್ಷ ಹೆಡ್ ಕೋಚ್.

ನನ್ನ ಪ್ರಶ್ನೆ ಟೈಟಲ್‌ನಲ್ಲೇ ಇದೆ. ಬನ್ನಿ.

ಧಾರವಾಡದಾಂವ

ಅಲ್ರೀ, ಅಷ್ಟು ಶಾಣ್ಯಾ ಮನಶಾ ಇದ್ರ 30 ವರ್ಷ ಯಾಕ ಹಂಗ ಕುಂತಾನ? ನನಗನಸ್ತದ, ಒಂದೋ ಧೈರ್ಯ ಇದ್ದಿದ್ದಿಲ್ಲ, ಇಲ್ಲಾ ಯಾರೂ ಕರೀಲಿಲ್ಲ. ಎರಡರಾಗ ಒಂದು. ನಮ್ಮ ಆಫೀಸಿನ್ಯಾಗೂ ಇಂಥಾವ್ರು ಭಾಳ ಮಂದಿ ಅದಾರ, ರಿಟೈರ್ ಆಗೂ ಮುಂದ ಹಾರ ಹಾಕಿ 'ತ್ಯಾಗಮಯಿ' ಅಂತಾರ, ಆಮ್ಯಾಲೆ ಯಾರೂ ನೆನಸಂಗಿಲ್ಲ.

ಕ್ಯಾರಿ_ಕಾಫಿ

ಕರೀಲಿಲ್ಲ ಅನ್ನೋದು ಮಾತ್ರ ತಪ್ಪು ಸರ್. 1978ರಲ್ಲಿ ಪೆನ್ ಸ್ಟೇಟ್ ಯೂನಿವರ್ಸಿಟಿಯವ್ರು ಹೆಡ್ ಕೋಚ್ ಕೆಲಸಾನೇ ಕೊಟ್ಟಿದ್ರು. ಇವ್ರು ಒಪ್ಕೊಂಡು ಹೊರಟೂ ಆಗಿತ್ತು, ಏರ್‌ಪೋರ್ಟಲ್ಲಿ ಮನಸ್ಸು ತಿರುಗಿ ವಾಪಸ್ ಚಾಪೆಲ್ ಹಿಲ್‌ಗೆ ಬಂದ್ಬಿಟ್ರು. ಆಗ ವಯಸ್ಸು 40. ಯೋಚನೆ ಮಾಡಿ, 40ನೇ ವಯಸ್ಸಲ್ಲಿ ಕೈಗೆ ಬಂದ ದೊಡ್ಡ ಕುರ್ಚಿ.

ಧಾರವಾಡದಾಂವ

ಹಂಗಾದ್ರ ನಾ ಹೇಳಿದ ಮೊದಲನೇದು. ಧೈರ್ಯ.

ಮಂಡ್ಯ_ಪಿವೋಟ್

ಅಣ್ಣಾ ಧೈರ್ಯ ಗಿರ್ಯ ಆಮೇಲೆ ಮಾತಾಡನ, ಮೊದ್ಲು ಆ ಮನುಷ್ಯ ಮಾಡ್ತಿದ್ದ ಕೆಲ್ಸ ಏನು ಅಂತ ನೋಡು. ನಾನು ಆರಡಿ ಮೂರಿಂಚು ಇದೀನಿ ಅನ್ನೋ ಒಂದೇ ಕಾರಣಕ್ಕೆ ಕಾಲೇಜಲ್ಲಿ ಸೆಂಟರ್ ಆಡಿದೋನು ಅದ್ಕೆ ಹೇಳ್ತೀನಿ. ಗುತ್ರಿಜ್ ಅಲ್ಲಿ ನೋಡ್ಕೊತಿದ್ದುದು ದೊಡ್ಡ ಆಳುಗಳನ್ನ, ಪೋಸ್ಟಲ್ಲಿ, ಅಂದ್ರೆ ಬಾಸ್ಕೆಟ್ ಹತ್ರ, ಆಡೋರನ್ನ. ಲಿಸ್ಟ್ ನೋಡು: ಬಾಬ್ ಮೆಕಡೂ, ಮಿಚ್ ಕಪ್ಚಾಕ್, ಜೇಮ್ಸ್ ವರ್ದಿ, ಸ್ಯಾಮ್ ಪರ್ಕಿನ್ಸ್, ಬ್ರ್ಯಾಡ್ ಡಾಹರ್ಟಿ, ಎರಿಕ್ ಮಾಂಟ್ರಾಸ್, ರಶೀದ್ ವಾಲೆಸ್, ಆಂಟಾನ್ ಜೇಮಿಸನ್. ಇದ್ರಲ್ಲಿ ಡಾಹರ್ಟಿ ಮತ್ತೆ ವರ್ದಿ ಎನ್‌ಬಿಎ (ಅಮೆರಿಕದ ಪ್ರೊಫೆಷನಲ್ ಲೀಗು) ಟೀಮುಗಳು ಹೊಸ ಆಟಗಾರರನ್ನ ಆರಿಸ್ಕೊಳ್ಳೋ ಡ್ರಾಫ್ಟಲ್ಲಿ ಮೊದಲ್ನೇ ಹೆಸರೇ. ಎಲ್ರಿಗೂ ಒಬ್ಬನೇ ಮೇಷ್ಟ್ರು. ತಮಾಷೆ ಏನ್ ಗೊತ್ತಾ, ಮೇಷ್ಟ್ರು ಮಾತ್ರ ಆಡೋ ಕಾಲದಲ್ಲಿ ಸಣ್ಣ ಗಾರ್ಡ್, ಹೊರಗಡೆ ಚೆಂಡು ನಡೆಸೋನು.

ಪೋಸ್ಟ್ ಆಟ ಹೊರಗಿಂದ ನೋಡಿದ್ರೆ ತಳ್ಳಾಟ ಅನ್ಸುತ್ತೆ, ಒಳಗೆ ಇದ್ರೆ ಅದು ಪಾದದ ಲೆಕ್ಕ. ಹಿಂದೆ ಇರೋನ ಭಾರ ನಿನ್ನ ಯಾವ ಸೊಂಟದ ಮೇಲಿದೆ ಅನ್ನೋದ್ರ ಮೇಲೆ ಯಾವ ಕಾಲು ಹಿಂದಕ್ಕೆ ಹಾಕ್ಬೇಕು ಅನ್ನೋದು. ನನಗೆ ಅದನ್ನ ಕಲಿಸಿದ್ದು ಹೆಡ್ ಕೋಚ್ ಅಲ್ಲ, ಸಂಜೆ ಕೆಲ್ಸ ಮುಗಿಸ್ಕೊಂಡು ಸೈಕಲ್ಲಲ್ಲಿ ಬರ್ತಿದ್ದ ಒಬ್ರು ಅಣ್ಣ, ಬೆನ್ನಿಗೆ ಮೊಣಕೈ ಇಟ್ಟು ಒತ್ತಿ 'ಈಗ ಎಲ್ಲಿ ಖಾಲಿ ಐತೆ ಹೇಳು, ಹೇಳು' ಅಂತ ಕೇಳ್ತಿದ್ರು, ತಿರುಗಿ ನೋಡಂಗಿಲ್ಲ, ಬೆನ್ನಲ್ಲೇ ನೋಡ್ಬೇಕು. ಇಂಟರ್ ಕಾಲೇಜ್ ಗೆದ್ದಾಗ ಪೇಪರಲ್ಲಿ ಬಂದ ಫೋಟೋದಲ್ಲಿ ಮ್ಯಾಚ್ ದಿನ ಮಾತ್ರ ಬರ್ತಿದ್ದ ಹೆಡ್ ಕೋಚ್ ಇದಾರೆ, ಪ್ರಿನ್ಸಿಪಾಲ್ ಇದಾರೆ, ಆ ಅಣ್ಣ ಇಲ್ಲ. ಫೋಟೋ ತೆಗೆಯೋ ಹೊತ್ತಿಗೆ ಚೆಂಡುಗಳನ್ನ ಚೀಲಕ್ಕೆ ತುಂಬ್ತಿದ್ರು.

ಅಂಕಿಅಂಶ_ಅಯ್ಯ

ಒಂದು ಲೆಕ್ಕ ಹಾಕಿದೆ, ಹಂಚ್ಕೊಳ್ತೀನಿ. ಕಾಲೇಜ್ ಬ್ಯಾಸ್ಕೆಟ್‌ಬಾಲಲ್ಲಿ ಫೈನಲ್ ಫೋರ್ ಅಂದ್ರೆ ದೇಶದ ಕೊನೇ ನಾಲ್ಕು ಟೀಮು, ಒಂದು ಸಲ ಮುಟ್ಟಿದ್ರೆ ಕೋಚ್‌ಗಳು ಜೀವಮಾನ ಪೂರ್ತಿ ಹೇಳ್ಕೊಂಡು ಓಡಾಡ್ತಾರೆ.

ಗುತ್ರಿಜ್ ಆಟಗಾರನಾಗಿ 1958ರಲ್ಲಿ ಒಂದು. ಕ್ಯಾನ್ಸಸ್ ಸ್ಟೇಟ್ ಅಸಿಸ್ಟೆಂಟ್ ಆಗಿ 1964ರಲ್ಲಿ ಒಂದು. ಡೀನ್ ಸ್ಮಿತ್ ಪಕ್ಕ ಕೂತು 1968, 69, 72, 77, 81, 82, 91, 93, 95, 97, ಅಂದ್ರೆ ಹತ್ತು. ಹೆಡ್ ಕೋಚ್ ಆಗಿ 1998 ಮತ್ತು 2000, ಎರಡು. ಒಟ್ಟು 14.

ಡೀನ್ ಸ್ಮಿತ್‌ದೇ ಹೆಡ್ ಕೋಚ್ ಆಗಿ 11 ಇರೋದು. ಅದರಲ್ಲಿ 1967ರದ್ದು ಒಂದು ಬಿಟ್ರೆ ಮಿಕ್ಕಿದ್ದಕ್ಕೆಲ್ಲ ಪಕ್ಕದಲ್ಲಿ ಇವ್ರಿದ್ರು. ಸ್ಮಿತ್ 879 ಮ್ಯಾಚ್ ಗೆದ್ದು ನಿವೃತ್ತಿ ಆದಾಗ ಅದು ಆಗಿನ ದಾಖಲೆ. ಪಕ್ಕದ ಕುರ್ಚೀಲಿ ಕೂತವ್ರಿಗೆ ಗೆಲುವಿನ ಲೆಕ್ಕ ಬರೆಯೋ ಕಾಲಮ್ಮೇ ಇಲ್ಲ ಪುಸ್ತಕದಲ್ಲಿ.

ಕುಡ್ಲ_ಡ್ರಿಬಲ್

ಇದು ನಮ್ಮ ಯಕ್ಷಗಾನದ ಹಾಗೇ ಉಂಟು ಮಾರಾಯ್ರೆ. ಜನ ಭಾಗವತರ ಹೆಸರು ಕೇಳಿ ಆಟಕ್ಕೆ ಹೋಗ್ತಾರೆ, ಸರಿ. ಆದ್ರೆ ಮದ್ದಳೆಯವರ ಕೈ ಒಂದು ಕ್ಷಣ ಹಿಂದೆ ಬಿದ್ರೆ ಪದ್ಯ ಅಲ್ಲೇ ಕೂತು ಹೋಗ್ತದೆ. ಎಷ್ಟೋ ಭಾಗವತರು ಮದ್ದಳೆಗೆ ಇಂಥವರೇ ಬೇಕು ಅಂತ ಹಠ ಹಿಡಿಯುದು ಸುಮ್ಮನೆ ಅಲ್ಲ. ಮದ್ದಳೆಯವರನ್ನ ಹೋಗಿ 'ನೀವು ಯಾಕೆ ಭಾಗವತಿಕೆ ಮಾಡ್ಲಿಲ್ಲ' ಅಂತ ಯಾರಾದ್ರೂ ಕೇಳ್ತಾರಾ? ಅದು ಬೇರೆ ವಿದ್ಯೆ.

ಧಾರವಾಡದಾಂವ

ಹೋಲಿಕಿ ಚೊಲೋ ಐತ್ರೀ, ಆದ್ರ ಒಂದು ತೊಡಕು ಐತಿ. ಕಡೀಕ ಆ ಮದ್ದಳಿಯವರನ್ನ ಭಾಗವತರ ಜಾಗಾದಾಗ ಕುಂಡ್ರಿಸ್ಯಾರಲ್ಲ 1997ರಾಗ? ಆವಾಗ ಏನಾತು? ಬ್ಯಾರೆ ವಿದ್ಯಾ ಅಂದ್ರ ಕುಂಡ್ರಬಾರದಿತ್ತು.

ಕ್ಯಾರಿ_ಕಾಫಿ

ಅಬ್ಬಾ ಒಳ್ಳೇ ಕಡೆ ಹಿಡಿದ್ರಿ. ಅದನ್ನ ಹೇಳೋ ಮುಂಚೆ ಅವ್ರು ಆಡೋ ಕಾಲದ್ದು ಸ್ವಲ್ಪ ಹೇಳ್ಬೇಕು, ಯಾಕಂದ್ರೆ ನಂಗೆ ಇವ್ರ ಸ್ವಭಾವದ ಬೇರು ಅಲ್ಲೇ ಇದೆ ಅನ್ಸುತ್ತೆ.

1958ರ ಕ್ಯಾನ್ಸಸ್ ಸ್ಟೇಟ್ ಟೀಮಿನ ಹೀರೋ ಬಾಬ್ ಬೂಝರ್, ಆಮೇಲೆ 1960ರ ರೋಮ್ ಒಲಿಂಪಿಕ್ಸಲ್ಲಿ ಚಿನ್ನ ಗೆದ್ದವನು. ಗುತ್ರಿಜ್ ಆ ಟೀಮಲ್ಲಿ ಎರಡನೇ ವರ್ಷದ ಹುಡುಗ, ಬಹುಪಾಲು ಬೆಂಚು. ಆಸ್ಕರ್ ರಾಬರ್ಟ್‌ಸನ್ ಇದ್ದ ಸಿನ್ಸಿನಾಟಿನ ಓವರ್‌ಟೈಮಲ್ಲಿ ಸೋಲಿಸಿ ಫೈನಲ್ ಫೋರ್‌ಗೆ ಹೋದ್ರು, ಅಲ್ಲಿ ಎಲ್ಜಿನ್ ಬೇಲರ್ ಇದ್ದ ಸಿಯಾಟಲ್ ಕೈಲಿ 73-51 ಏಟು ತಿಂದ್ರು. ಮುಂದಿನ ವರ್ಷ ರ‍್ಯಾಂಕಿಂಗಲ್ಲಿ ದೇಶಕ್ಕೇ ನಂಬರ್ 1 ಆಗಿದ್ರು, ಅದೇ ಸಿನ್ಸಿನಾಟಿ ಸೇಡು ತೀರಿಸ್ಕೊಳ್ತು, ಫೈನಲ್ ಫೋರ್ ತಪ್ಪಿತು. ಅಂದ್ರೆ 21 ವರ್ಷಕ್ಕೇ ಈ ಮನುಷ್ಯ ಬೆಂಚಲ್ಲಿ ಕೂತು ರಾಬರ್ಟ್‌ಸನ್, ಬೇಲರ್ ಇಬ್ರನ್ನೂ ಹತ್ರದಿಂದ ನೋಡಿಬಿಟ್ಟಿದ್ರು. ಬೆಂಚಲ್ಲಿ ಕೂತವನಿಗೆ ಆಟ ಬೇರೆ ಥರ ಕಾಣುತ್ತೆ, ಅಲ್ವಾ, ನಾನಂತೂ ಶಾಲೇಲಿ ಖೋಖೋದಲ್ಲಿ ಮೂರು ವರ್ಷ ಎಕ್ಸ್‌ಟ್ರಾ ಪ್ಲೇಯರ್ರು, ನಂಗೊತ್ತು :)

ಅಂಕಿಅಂಶ_ಅಯ್ಯ

ಟೆಕ್ಸ್ ವಿಂಟರ್ ಹೆಸರು ಬಂತಲ್ಲ, ಅದನ್ನ ಹಾಗೇ ದಾಟ್ಕೊಂಡು ಹೋಗ್ಬೇಡಿ. ಜೋರ್ಡನ್ ಫ್ಯಾನ್‌ಗಳು ಇಲ್ಲಿ ಕೇಳ್ರಪ್ಪಾ. ಅವನ ಎನ್‌ಬಿಎ ಟೀಮು ಶಿಕಾಗೊ ಬುಲ್ಸ್ ಆರು ಸಲ ಚಾಂಪಿಯನ್ ಆಗಿದ್ದು ಟ್ರಯಾಂಗಲ್ ಅಫೆನ್ಸ್ ಅನ್ನೋ ದಾಳಿ ಪದ್ಧತಿ ಆಡಿ, ಅದನ್ನ ತಂದು ಕಲಿಸಿದ್ದು ಇದೇ ವಿಂಟರ್, ಹೆಡ್ ಕೋಚ್ ಫಿಲ್ ಜಾಕ್ಸನ್‌ಗೆ ಅಸಿಸ್ಟೆಂಟ್ ಆಗಿ! 1953ರಿಂದ 68ರವರೆಗೆ ಕ್ಯಾನ್ಸಸ್ ಸ್ಟೇಟಲ್ಲಿ ಹೆಡ್ ಕೋಚ್ ಆಗಿದ್ದವ್ರು, 60 ದಾಟಿದ ಮೇಲೆ ತಮಗಿಂತ 20ಕ್ಕೂ ಹೆಚ್ಚು ವರ್ಷ ಚಿಕ್ಕವನ ಪಕ್ಕದಲ್ಲಿ ನೋಟ್‌ಬುಕ್ ಹಿಡ್ಕೊಂಡು ಕೂತ್ರು. ಆಮೇಲೆ ಲೇಕರ್ಸ್ ಜೊತೆ ಮತ್ತೆ ಮೂರು. 2011ರಲ್ಲಿ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಗೌರವ ಸಿಕ್ತು.

ಜೋರ್ಡನ್ ತನ್ನ ಹಾಲ್ ಆಫ್ ಫೇಮ್ ಭಾಷಣದಲ್ಲಿ ಹೇಳಿದ್ದು ಇದೆಯಲ್ಲ. ಒಂದು ಮ್ಯಾಚಲ್ಲಿ ಕೊನೇಲಿ ಒಬ್ಬನೇ 20 ಪಾಯಿಂಟ್ ಚಚ್ಚಿ ಗೆಲ್ಲಿಸಿ ಬಂದಾಗ ವಿಂಟರ್ ಹೇಳಿದ್ರಂತೆ, 'ಟೀಮ್' ಸ್ಪೆಲಿಂಗಲ್ಲಿ 'ಐ' ಇಲ್ಲ ಕಣಪ್ಪಾ ಅಂತ. ಇವನು 'ವಿನ್' ಸ್ಪೆಲಿಂಗಲ್ಲಿ ಇದೆ ಅಂದನಂತೆ.

ಜೋರ್ಡನ್ ಕಾಲೇಜಲ್ಲಿ ಗುತ್ರಿಜ್ ಎದುರು ಬೆಳೆದ, ಶಿಕಾಗೊದಲ್ಲಿ ಗುತ್ರಿಜ್‌ನ ಗುರು ಎದುರು. ಇಬ್ರೂ ಪಕ್ಕದ ಕುರ್ಚಿ. ಇದನ್ನ ಯಾರೂ ಹೇಳಲ್ಲ ನೋಡಿ.

ಮಂಡ್ಯ_ಪಿವೋಟ್

ಅಯ್ಯನೋರೆ ಇದು ನಂಗೆ ಗೊತ್ತೇ ಇರ್ಲಿಲ್ಲ. ಗುರುವೂ ಅಸಿಸ್ಟೆಂಟು ಶಿಷ್ಯನೂ ಅಸಿಸ್ಟೆಂಟು.

ಲಾ_ಪಾಯಿಂಟ್

ನಡುವೆ ಬಾಯಿ ಹಾಕ್ತೀನಿ, ಎಲ್ರೂ ತ್ಯಾಗ ಸೇವೆ ಅಂತ ಭಜನೆ ಶುರು ಮಾಡೋ ಮುಂಚೆ. ಗುತ್ರಿಜ್ ಥರ ದೊಡ್ಡ ಯೂನಿವರ್ಸಿಟಿಯ ಮೊದಲ ಅಸಿಸ್ಟೆಂಟ್ ಕಥೆ ಬೇರೆ, ಸಾಲಿನ ಕೊನೇಲಿ ಕೂತವನ ಕಥೆ ಬೇರೆ.

1992ರಿಂದ ಎನ್‌ಸಿಎಎ, ಅಂದ್ರೆ ಅಮೆರಿಕದ ಕಾಲೇಜ್ ಆಟಗಳನ್ನ ನಡೆಸೋ ಸಂಸ್ಥೆ, ಒಂದು ರೂಲ್ ಜಾರಿ ಮಾಡ್ತು. ಬ್ಯಾಸ್ಕೆಟ್‌ಬಾಲಲ್ಲಿ ಒಬ್ಬ ಹೆಡ್ ಕೋಚ್, ಇಬ್ಬರು ಅಸಿಸ್ಟೆಂಟ್, ನಾಲ್ಕನೇಯವನು ಬೇಕಿದ್ರೆ ಅವನ ಸಂಬಳಕ್ಕೆ ಮಿತಿ: ಶಾಲಾ ವರ್ಷಕ್ಕೆ 12,000 ಡಾಲರ್, ಬೇಸಿಗೆಗೆ 4,000. ಎಲ್ಲ ಯೂನಿವರ್ಸಿಟಿಗಳೂ ಸೇರಿ ಒಬ್ಬ ನೌಕರನಿಗೆ ಇಷ್ಟೇ ಕೊಡೋಣ ಅಂತ ಒಪ್ಪಂದ ಮಾಡ್ಕೊಂಡ ಹಾಗಾಯ್ತು. ಇದು ಹೊಸಬರು ಕಲಿಯೋಕೆ ಇರೋ ಜಾಗ ಅಂತ ಸಮಜಾಯಿಷಿ ಬೇರೆ. ಕೋಚ್‌ಗಳು ಕ್ಯಾನ್ಸಸ್‌ನ ಫೆಡರಲ್ ಕೋರ್ಟಿಗೆ ಹೋದ್ರು, ಆಂಟಿಟ್ರಸ್ಟ್ (ಪೈಪೋಟಿ ಹತ್ತಿಕ್ಕೋ ಒಪ್ಪಂದಗಳ ವಿರುದ್ಧದ ಕಾನೂನು) ಕೇಸು, ಲಾ ವರ್ಸಸ್ ಎನ್‌ಸಿಎಎ ('ಲಾ' ಒಬ್ಬ ಕೋಚ್ ಹೆಸರು) ಅಂತ ಈಗಲೂ ನಾವು ಓದ್ತೀವಿ. 1995ರಲ್ಲಿ ಕೋರ್ಟು ಕೋಚ್‌ಗಳ ಪರ, 1998ರಲ್ಲಿ ಮೇಲ್ಮನವಿಯಲ್ಲೂ ಅದೇ. ಜ್ಯೂರಿ ಲೆಕ್ಕ ಹಾಕಿದ ನಷ್ಟ ಕಾನೂನು ಪ್ರಕಾರ ಮೂರುಪಟ್ಟಾಗಿ ಸುಮಾರು 67 ಮಿಲಿಯನ್ ಡಾಲರ್‌ಗೆ ಏರ್ತು, ಕೊನೆಗೆ 1999ರಲ್ಲಿ 54.5 ಮಿಲಿಯನ್‌ಗೆ ರಾಜಿ.

ಇನ್ನೊಂದು, ಇದೇ ಕ್ಯಾರೊಲೈನಾದಲ್ಲಿ ರಾಯ್ ವಿಲಿಯಮ್ಸ್ 1978ರಲ್ಲಿ ಅರೆಕಾಲಿಕ ಅಸಿಸ್ಟೆಂಟ್ ಆಗಿ ಸೇರಿದಾಗ ಸಂಬಳ ವರ್ಷಕ್ಕೆ 2,700 ಡಾಲರ್. ಟೀಮಿನ ಕ್ಯಾಲೆಂಡರ್ ಮಾರ್ಕೊಂಡು, ಡೀನ್ ಸ್ಮಿತ್ ಟಿವಿ ಶೋ ಟೇಪುಗಳನ್ನ ಕಾರಲ್ಲಿ ಊರೂರಿಗೆ ಮುಟ್ಟಿಸ್ಕೊಂಡು ಸಂಸಾರ ನಡೆಸಿದ್ದು. ಅವ್ರು ಆಮೇಲೆ ಹೆಡ್ ಕೋಚ್ ಆಗಿ ಮೂರು ಸಲ ಚಾಂಪಿಯನ್ ಆದ್ರು, ಕಥೆ ಚೆನ್ನಾಗಿ ಮುಗೀತು ಅನ್ನೋ ಕಾರಣಕ್ಕೆ ನಮಗೆ ಕ್ಯಾಲೆಂಡರ್ ವಿಷ್ಯ ಗೊತ್ತು. ಕ್ಯಾಲೆಂಡರ್ ಮಾರಿ ಮಾರಿ ಸುಸ್ತಾಗಿ ಇನ್ಶೂರೆನ್ಸ್ ಕಂಪ್ನಿ ಸೇರಿದವ್ರ ಕಥೆ ಯಾರು ಬರೀತಾರೆ.

ಬೆಂಚ್_ಅಕ್ಕ

ಲಾ ಪಾಯಿಂಟ್ ಅವ್ರಿಗೆ ಒಂದು ಕಾಫಿ ನನ್ನ ಕಡೆಯಿಂದ. ನಾನು ಯೂನಿವರ್ಸಿಟಿ ಟೀಮಲ್ಲಿ ಆಡಿದವಳು, ಈಗ ಬೆಂಗಳೂರಲ್ಲಿ ಭಾನುವಾರ ಬೆಳಗ್ಗೆ ಮಕ್ಕಳ ಕ್ಯಾಂಪಲ್ಲಿ ಅಸಿಸ್ಟೆಂಟ್. ಹೆಡ್ ಕೋಚ್ ಎನ್‌ಐಎಸ್ ಕೋಚಿಂಗ್ ಕೋರ್ಸ್ ಮಾಡಿದವ್ರು, ಒಳ್ಳೇ ಮನುಷ್ಯ, ನಂಗೇನೂ ದೂರಿಲ್ಲ. ಆದ್ರೆ ಅಸಿಸ್ಟೆಂಟ್ ಅಂದ್ರೆ ಏನು ಅಂತ ಕೇಳಿ: ಐದೂಮುಕ್ಕಾಲಿಗೆ ಬಂದು ಗೇಟ್ ಬೀಗ ತೆಗೆಸೋದು, ಚೆಂಡಿಗೆ ಗಾಳಿ, ಕೋರ್ಟಲ್ಲಿ ಮಲಗಿರೋ ನಾಯಿ ಎಬ್ಬಿಸೋದು, ಮೂಗಲ್ಲಿ ರಕ್ತ ಬಂದ್ರೆ ಐಸು, ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪು. ಇದರ ನಡುವೆ ಒಂದು ಮಗುವಿನ ಮೊಣಕೈ ಹೊರಗೆ ಹೋಗ್ತಿದೆ ಅಂತ ಗಮನಿಸಿ ಹಿಡಿದು ಸರಿ ಮಾಡೋದಿದೆಯಲ್ಲ, ಅದೇ ನಿಜವಾದ ಕೋಚಿಂಗು, ಅದು ಸಿಗೋದು ಒಟ್ಟು ಹೊತ್ತಲ್ಲಿ ಕಾಲು ಭಾಗ.

ಗುತ್ರಿಜ್ ಬಗ್ಗೆ ನಂಗೆ ಇಷ್ಟ ಆಗೋದು ಬೇರೇದು. ಡೀನ್ ಸ್ಮಿತ್ ಟೀಮಲ್ಲಿ ಒಂದಿಷ್ಟು ಕಟ್ಟುಪಾಡು ಇತ್ತು. ಬಾಸ್ಕೆಟ್ ಹಾಕಿದವನು ಪಾಸ್ ಕೊಟ್ಟವನ ಕಡೆ ಬೆರಳು ತೋರಿಸ್ಬೇಕು. ಸುಸ್ತಾದವನು ಮುಷ್ಟಿ ಎತ್ತಿ ತೋರಿಸಿದ್ರೆ ಹೊರಗೆ ಕರೀತಾರೆ, ನಾಚಿಕೆ ಪಡೋ ಹಾಗಿಲ್ಲ, ಸುಧಾರಿಸ್ಕೊಂಡ ಮೇಲೆ ತಾನಾಗೇ ವಾಪಸ್ ಹೋಗ್ಬಹುದು. ಹೊರಗೆ ಬರೋನಿಗೆ ಬೆಂಚಲ್ಲಿರೋರೆಲ್ಲ ಎದ್ದು ನಿಲ್ಬೇಕು. ಈಗ ಎಲ್ಲ ಕಡೆ ಇದು ಮಾಮೂಲು ಅನ್ಸುತ್ತೆ. ಪಾಸ್ ಕೊಟ್ಟವನ ಕಡೆ ಬೆರಳು ತೋರಿಸು ಅಂತ ದಿನಾ ಹುಡುಗರಿಗೆ ಹೇಳೋ ಜಾಗದಲ್ಲಿ, 30 ವರ್ಷ ಪಾಸ್ ಕೊಟ್ಟ ಮನುಷ್ಯ ಇವ್ರೇ ತಾನೆ.

ಧಾರವಾಡದಾಂವ

ಅಕ್ಕಾರ, ಮಾತು ಚೊಲೋ ಐತಿ, ಆದ್ರ ನನ್ನ ಪ್ರಶ್ನಿ ಹಂಗ ಉಳೀತು. 1997.

ಕ್ಯಾರಿ_ಕಾಫಿ

ಬಂದೆ ಬಂದೆ.

ಡೀನ್ ಸ್ಮಿತ್ ಕೆಲಸ ಬಿಟ್ಟಿದ್ದು 1997 ಅಕ್ಟೋಬರ್ 9. ಸೀಸನ್ ಶುರು ಆಗೋಕೆ ಸ್ವಲ್ಪ ದಿನ ಇದೆ ಅನ್ನೋವಾಗ. ಆ ಹೊತ್ತಲ್ಲಿ ಹೊರಗಿಂದ ದೊಡ್ಡ ಹೆಸರು ತರೋಕೆ ಆಗಲ್ಲ, ರಾಯ್ ವಿಲಿಯಮ್ಸ್ ಆಗ ಕ್ಯಾನ್ಸಸ್ ಯೂನಿವರ್ಸಿಟೀಲಿ ಹೆಡ್ ಕೋಚ್, ಪಕ್ಕದ ಕುರ್ಚಿಯವ್ರಿಗೇ ಕೊಡ್ಬೇಕು. ಸ್ಮಿತ್ ಬೇಕಂತಲೇ ಆ ತಿಂಗಳು ಆರಿಸ್ಕೊಂಡ್ರು ಅಂತ ಇಲ್ಲಿ ಬಹಳ ಜನ ಇವತ್ತಿಗೂ ನಂಬ್ತಾರೆ. ನಾನೂ ನಂಬ್ತೀನಿ.

ಮೊದಲ ವರ್ಷ 34 ಗೆಲುವು 4 ಸೋಲು. ಹೊಸ ಹೆಡ್ ಕೋಚ್ ಒಬ್ಬ ಮೊದಲ ಸೀಸನಲ್ಲಿ ಅಷ್ಟು ಗೆದ್ದಿದ್ದು ಅಲ್ಲೀವರೆಗೆ ಇರ್ಲಿಲ್ಲ. ಹಳೇ ರೆಕಾರ್ಡ್ 33, ಅದು 1979ರಲ್ಲಿ ಲ್ಯಾರಿ ಬರ್ಡ್ ಇದ್ದ ಇಂಡಿಯಾನಾ ಸ್ಟೇಟ್ ಕೋಚ್ ಬಿಲ್ ಹಾಡ್ಜಸ್ ಹೆಸರಲ್ಲಿತ್ತು, ತಮಾಷೆ ಅಂದ್ರೆ ಅವ್ರೂ ಅಸಿಸ್ಟೆಂಟ್ ಆಗಿದ್ದವ್ರೇ, ಹೆಡ್ ಕೋಚ್ ಹುಷಾರಿಲ್ಲದೆ ಬಿದ್ದಾಗ ಕೂತವ್ರು. ಗುತ್ರಿಜ್‌ಗೆ ಆ ವರ್ಷದ ನೇಸ್ಮಿತ್ ಕೋಚ್ ಪ್ರಶಸ್ತಿ. ಆಂಟಾನ್ ಜೇಮಿಸನ್, ವಿನ್ಸ್ ಕಾರ್ಟರ್, ಎಡ್ ಕೋಟಾ, ಶಾಮಂಡ್ ವಿಲಿಯಮ್ಸ್, ಅಡೆಮೊಲಾ ಒಕುಲಾಜಾ, ಮಖ್ತರ್ ಎನ್‌ಜಾಯ್, ಆರು ಜನ ಸ್ಟಾರ್ಟ್ ಮಾಡೋ ಯೋಗ್ಯತೆ ಇದ್ದವ್ರು. ಐದು ಜಾಗಕ್ಕೆ ಆರು ಜನ. ಬೇರೆ ಯಾವ ಕೋಚ್ ಆದ್ರೂ ಒಬ್ಬನನ್ನ ಕೂರಿಸಿ ಸಮಾಧಾನ ಹೇಳ್ತಿದ್ದ. ಇವ್ರು ಸರದಿ ಮಾಡಿದ್ರು, ಇವತ್ತು ನೀನು ಬೆಂಚು, ನಾಳೆ ಅವನು. ಆ ವರ್ಷದ ಇಡೀ ದೇಶದ ಬೆಸ್ಟ್ ಪ್ಲೇಯರ್ ಜೇಮಿಸನ್‌ಗೂ ವಿನಾಯ್ತಿ ಇಲ್ಲ, ವಿನ್ಸ್ ಕಾರ್ಟರ್‌ಗೂ ಇಲ್ಲ. ನೋಡಿ, ಈ ಐಡಿಯಾ ಜೀವನಪೂರ್ತಿ ಮುಂದಿನ ಕುರ್ಚೀಲೇ ಕೂತವನಿಗೆ ಹೊಳೀತಿತ್ತು ಅಂತ ನಂಗನ್ಸಲ್ಲ.

ಡ್ಯೂಕ್‌ನ ಎಸಿಸಿ (ಇವೆರಡೂ ಇರೋ ಯೂನಿವರ್ಸಿಟಿಗಳ ಗುಂಪು) ಫೈನಲಲ್ಲಿ 83-68 ಸೋಲಿಸಿದ್ರು, ಫೈನಲ್ ಫೋರಲ್ಲಿ ಯೂಟಾ ಕೈಲಿ 65-59 ಸೋತ್ರು.

ಅಂಕಿಅಂಶ_ಅಯ್ಯ

ಪೂರ್ತಿ ಹೇಳಿ ಸರ್, ಸಿಹಿ ಮಾತ್ರ ಬಡಿಸ್ಬೇಡಿ. 1999ರಲ್ಲಿ ದೇಶದ ಚಾಂಪಿಯನ್ ಆರಿಸೋ ಟೂರ್ನಮೆಂಟ್ ಮೊದಲ ರೌಂಡಲ್ಲೇ ವೀಬರ್ ಸ್ಟೇಟ್ ಕೈಲಿ 76-74. ಹೆರಾಲ್ಡ್ ಆರ್ಸೆನೋ ಅನ್ನೋನು ಒಬ್ಬನೇ 36 ಹೊಡೆದ. ಕ್ಯಾರೊಲೈನಾ ಮೂರನೇ ಸೀಡು (ಶ್ರೇಯಾಂಕ), ಅವ್ರು ಹದಿನಾಲ್ಕನೇ ಸೀಡು. ಜೇಮಿಸನ್, ಕಾರ್ಟರ್ ಇಬ್ರೂ ಎನ್‌ಬಿಎಗೆ ಹೋಗಿದ್ರು ಸರಿ, ಆದ್ರೂ.

2000ದಲ್ಲಿ ಟೂರ್ನಮೆಂಟ್‌ಗೆ ಮುಂಚೆ 18-13, ಅಂದ್ರೆ 18 ಗೆಲುವು 13 ಸೋಲು. ಊರಲ್ಲಿ ಗುತ್ರಿಜ್‌ನ ತೆಗೀರಿ ಅಂತ ಗಲಾಟೆ.

ಧಾರವಾಡದಾಂವ

ಹಾಂ, ಇದ್ನ ಹೇಳ್ರೀ ಅಂತ ಕುಂತಿದ್ದೆ. ಡೀನ್ ಸ್ಮಿತ್ ಕೂಡಿಸಿಟ್ಟ ಹುಡುಗರು ಇರೋ ತನಕ 34, ಅವರು ಹ್ವಾದ ಮ್ಯಾಲೆ 13 ಸೋಲು. ಲೆಕ್ಕ ಸ್ವಚ್ಛ ಐತಲ್ಲ.

ಕ್ಯಾರಿ_ಕಾಫಿ

ಆ ಹುಡುಗರನ್ನ ಕೂಡಿಸಿದ್ದೂ ಬೆಳೆಸಿದ್ದೂ ಡೀನ್ ಸ್ಮಿತ್ ಒಬ್ರೇನಾ? ಜೇಮಿಸನ್ ಪೋಸ್ಟ್ ಪ್ಲೇಯರ್. ಯಾರ ಹತ್ರ ಕಲಿತ ಅಂತ ಮೇಲೆ ಮಂಡ್ಯದವ್ರು ಬರೆದಿದಾರೆ, ಓದಿ.

ಮತ್ತೆ 18-13 ಆದ್ಮೇಲೆ ಏನಾಯ್ತು ಅಂತ ಹೇಳ್ದೆ ಬಿಟ್ರಲ್ಲ ಅಯ್ಯನವ್ರೇ. ಎಂಟನೇ ಸೀಡ್ ಆಗಿ ಹೋಗಿ ಮಿಸ್ಸೂರಿ, ಆಮೇಲೆ ನಂಬರ್ ಒನ್ ಸೀಡ್ ಸ್ಟ್ಯಾನ್‌ಫರ್ಡ್ 60-53, ಟೆನೆಸಿ, ಟಲ್ಸಾ, ಸೀದಾ ಫೈನಲ್ ಫೋರ್. ಜೋಸೆಫ್ ಫೋರ್ಟೆ ಅನ್ನೋ ಮೊದಲ ವರ್ಷದ ಹುಡುಗ, ಬ್ರೆಂಡನ್ ಹೇವುಡ್, ಬೆಂಚಿಂದ ಬರೋಕೆ ಜೂಲಿಯಸ್ ಪೆಪ್ಪರ್ಸ್, ಅವನು ಅಮೆರಿಕನ್ ಫುಟ್‌ಬಾಲ್ ಆಟಗಾರ, ಆಮೇಲೆ ಅದರ ಪ್ರೊಫೆಷನಲ್ ಲೀಗ್ ಎನ್‌ಎಫ್‌ಎಲ್‌ಗೆ ಹೋದೋನು! ಫ್ಲಾರಿಡಾ ಕೈಲಿ 71-59 ಸೋತ್ರು, ಇರ್ಲಿ. ಮಾರ್ಚ್ ಮೊದಲ ವಾರ ತೆಗೀರಿ ಅಂತಿದ್ದ ಜನ ಮಾರ್ಚ್ ಕೊನೇ ವಾರ ಚಾಪೆಲ್ ಹಿಲ್‌ನ ಫ್ರಾಂಕ್ಲಿನ್ ಸ್ಟ್ರೀಟಲ್ಲಿ ಕುಣೀತಿದ್ರು.

ಮೂರು ತಿಂಗಳಲ್ಲಿ, ಜೂನ್ ಕೊನೆಗೆ, ನಂಗೆ ಮೊದಲಿನ ಹಾಗೆ ಶಕ್ತಿ ಇಲ್ಲ ಅಂತ ಹೇಳಿ ಬಿಟ್ಟು ಹೋದ್ರು. ಮೂರು ವರ್ಷ, 80 ಗೆಲುವು, 28 ಸೋಲು, ಎರಡು ಫೈನಲ್ ಫೋರ್. ಅವ್ರು ಹೋದ ಎರಡನೇ ವರ್ಷಕ್ಕೆ, 2001-02ರಲ್ಲಿ, ಇದೇ ಕ್ಯಾರೊಲೈನಾ 8 ಗೆದ್ದು 20 ಸೋತಿತು. ಅಲ್ಲೀವರೆಗೆ ಯಾರೂ ನೋಡದ ಅಂಕಿ.

ಧಾರವಾಡದಾಂವ

8-20 ನನಗ ಗೊತ್ತಿದ್ದಿಲ್ಲ. ಸರಿ ಬಿಡ್ರೀ, ಧೈರ್ಯ ಇದ್ದಿದ್ದಿಲ್ಲ ಅನ್ನೂ ಮಾತು ವಾಪಸ್ ತಗೋತೀನಿ. ಆದ್ರ ಏರ್‌ಪೋರ್ಟಿಂದ ಯಾಕ ತಿರುಗಿ ಬಂದಾ ಅನ್ನೂದು ತಿಳಿಯವಲ್ದು.

ಕುಡ್ಲ_ಡ್ರಿಬಲ್

ನಾನು ಇದಕ್ಕೆ ದೊಡ್ಡ ಕಾರಣ ಹುಡುಕುದಿಲ್ಲ. ಕೆಲವರಿಗೆ ಪ್ರೆಸ್ ಮೀಟು, ಟೀಮಿಗೆ ದುಡ್ಡು ಕೊಡೋ ಬೂಸ್ಟರ್‌ಗಳ ಊಟ, ಟಿವಿ ಶೋ, ಇದೆಲ್ಲ ಬೇಡ, ಜಿಮ್ಮಿನ ಒಳಗಿನ ಮೂರು ಗಂಟೆ ಮಾತ್ರ ಬೇಕು. ಹೆಡ್ ಕೋಚ್ ಆದ್ರೆ ಆ ಮೂರು ಗಂಟೆಯೇ ಕಡಿಮೆ ಆಗುದು. ಎಂತ ಪ್ರಮೋಷನ್ ಅದು?

ಬೆಂಚ್_ಅಕ್ಕ

ಹೂಂ. ಆದ್ರೆ ಒಂದು ಎಚ್ಚರಿಕೆ, ಈ ಮಾತನ್ನ ಮ್ಯಾನೇಜ್‌ಮೆಂಟ್‌ನವ್ರು ಕೇಳಿಸ್ಕೊಂಡ್ರೆ 'ನಿಮಗೆ ಮಕ್ಕಳ ಜೊತೆ ಇರೋದೇ ಖುಷಿ ಅಲ್ವಾ ಮೇಡಂ' ಅಂತ ಸಂಬಳ ಜಾಸ್ತಿ ಮಾಡಲ್ಲ. ನಂಗೆ ಹೇಳಿದಾರೆ, ಇದೇ ಮಾತು, ನಗ್ತಾ. ಗುತ್ರಿಜ್‌ಗೆ ಬೇಡ ಅನ್ನೋಕೆ ಆಯ್ತು ಯಾಕಂದ್ರೆ ಪೆನ್ ಸ್ಟೇಟ್ ಬನ್ನಿ ಅಂತ ಕರೆದಿತ್ತು. ಕರೆಯೋರೇ ಇಲ್ಲದವ್ರು ಬೇಡ ಅನ್ನೋದು ಎಲ್ಲಿಂದ.

ಲಾ_ಪಾಯಿಂಟ್

ಇದನ್ನೇ ನಾನು ಅಷ್ಟು ಉದ್ದ ಬರೆದಿದ್ದು, ಅಕ್ಕ ನಾಲ್ಕು ಸಾಲಲ್ಲಿ ಮುಗಿಸಿದ್ರು. ಅಂದಹಾಗೆ 2023ರಲ್ಲಿ ಎನ್‌ಸಿಎಎ ಇನ್ನೂ ಇಬ್ರು ಅಸಿಸ್ಟೆಂಟ್‌ಗಳನ್ನ ಕೋರ್ಟ್ ಒಳಗೆ ಕೋಚ್ ಮಾಡೋಕೆ ಬಿಟ್ತು, ಊರೂರು ಸುತ್ತಿ ಹೊಸ ಆಟಗಾರರನ್ನ ರಿಕ್ರೂಟ್ ಮಾಡೋಕೆ ಮಾತ್ರ ಆಗ ಅವ್ರಿಗೆ ಅನುಮತಿ ಕೊಡ್ಲಿಲ್ಲ. ಬರೀ ಕಲಿಸೋ ಕೆಲಸ. ಗುತ್ರಿಜ್‌ಗೆ ಹೇಳಿ ಮಾಡಿಸಿದ ಹಾಗಿರೋ ಪೋಸ್ಟು.

ಮಂಡ್ಯ_ಪಿವೋಟ್

1976 ಒಲಿಂಪಿಕ್ಸ್ ಯಾರೂ ಹೇಳ್ಲಿಲ್ವಲ್ಲ. 1972ರಲ್ಲಿ ಮ್ಯೂನಿಕ್‌ನಲ್ಲಿ ಸೋವಿಯತ್ ರಷ್ಯಾ ಕೈಲಿ 51-50 ಸೋತು ಮೆಡಲ್ ಕೂಡ ತಗೊಳ್ದೆ ಬಂದಿದ್ರಲ್ಲ ಅಮೆರಿಕದವ್ರು, ನಾಲ್ಕು ವರ್ಷಕ್ಕೆ ಮಾಂಟ್ರಿಯಲ್‌ಗೆ ಡೀನ್ ಸ್ಮಿತ್ ಕೋಚ್, ಅಸಿಸ್ಟೆಂಟ್ ಇಬ್ರು, ಒಬ್ರು ಗುತ್ರಿಜ್, ಇನ್ನೊಬ್ರು ಜಾರ್ಜ್‌ಟೌನ್‌ನ ಜಾನ್ ಥಾಂಪ್ಸನ್. ಯುಗೊಸ್ಲಾವಿಯಾನ 95-74 ಹೊಡ್ದು ಚಿನ್ನ. ಕ್ಯಾರಿ ಅಣ್ಣನ ಮಗಳು ನೋಡಿದ್ಲಲ್ಲ 82ರ ಫೈನಲ್ಲು, ಆವತ್ತು ಆ ಕಡೆ ಬೆಂಚಲ್ಲಿ ಹೆಗಲ ಮೇಲೆ ಬಿಳಿ ಟವೆಲ್ ಹಾಕ್ಕೊಂಡು ಕೂತಿದ್ದೋರು ಇದೇ ಥಾಂಪ್ಸನ್ನು. ಒಟ್ಟಿಗೆ ಚಿನ್ನ ಗೆದ್ದ ಮೂವರು, ಆರು ವರ್ಷಕ್ಕೆ ಎದುರುಬದುರು. ಇದ್ನ ಮಗೂಗೆ ತೋರ್ಸಿ.

ಕ್ಯಾರಿ_ಕಾಫಿ

ತೋರಿಸಿದೆ ಈಗಷ್ಟೇ. ಟವೆಲ್ ನೋಡಿ ನಕ್ಕಳು.

ಇನ್ನೊಂದು ವಿಷ್ಯ ಹೇಳಿ ಮಲಗ್ತೀನಿ, ಇಲ್ಲಿ ಹನ್ನೊಂದೂವರೆ ಆಯ್ತು. ಡೀನ್ ಸ್ಮಿತ್ ತೀರ್ಕೊಂಡಿದ್ದು 2015 ಫೆಬ್ರವರಿ 7. ತಮ್ಮ ಹತ್ರ ಆಡಿದ ಪ್ರತಿಯೊಬ್ಬ ಹಳೇ ಆಟಗಾರನಿಗೂ 200 ಡಾಲರ್ ಚೆಕ್ ಹೋಗೋ ಹಾಗೆ ವಿಲ್ ಬರೆದಿಟ್ಟಿದ್ರು, ಹೊರಗೆ ಹೋಗಿ ಊಟ ಮಾಡಿ ಅಂತ. ಗುತ್ರಿಜ್ ತೀರ್ಕೊಂಡಿದ್ದು ಅದೇ ವರ್ಷ ಮೇ 12. ಮೂರು ತಿಂಗಳು ಅಷ್ಟೇ ಅಂತರ. ಹೋಗೋದ್ರಲ್ಲೂ ಹೆಡ್ ಕೋಚ್ ಹಿಂದೇನೇ.

ಮಗಳ ಪ್ರಶ್ನೆಗೆ ಏನು ಹೇಳಿದೆ ಅಂತ ಕೇಳ್ತೀರಾ. ಪ್ರಮೋಷನ್ ಕೊಟ್ರು ಕಣೇ, ಏರ್‌ಪೋರ್ಟ್‌ವರೆಗೂ ಹೋಗಿ ವಾಪಸ್ ಬಂದ್ರು ಅಂದೆ. 'ಏನಾದ್ರೂ ಮರ್ತು ಬಂದಿದ್ರಾ?' ಅಂದ್ಲು. ಇರ್ಬಹುದು ಅಂದೆ.

ಧಾರವಾಡದಾಂವ

ಕೂಸು ನಮಗಿಂತ ಶಾಣ್ಯಾ ಐತ್ರೀ.

ಮಂಡ್ಯ_ಪಿವೋಟ್

ನಾನು ಆ ಅಣ್ಣನ ನಂಬರ್ ಹುಡುಕ್ತಾ ಇದೀನಿ ಇವತ್ತು ಬೆಳಗ್ಗೆಯಿಂದ. ಹಳೇ ಟೀಮ್ ಗ್ರೂಪಲ್ಲಿ ಕೇಳ್ದೆ, ಯಾರತ್ರಾನೂ ಇಲ್ಲ. ಹೆಡ್ ಕೋಚ್ ನಂಬರ್ ಎಲ್ರತ್ರಾನೂ ಐತೆ.

ಬೆಂಚ್_ಅಕ್ಕ

ಸಿಕ್ರೆ ಭಾನುವಾರ ನಮ್ಮ ಕ್ಯಾಂಪಿಗೆ ಕರ್ಕೊಂಡು ಬನ್ನಿ, ಬೆನ್ನಲ್ಲಿ ನೋಡೋದು ಹೇಗೆ ಅಂತ ನಮ್ಮ ಉದ್ದದ ಹುಡುಗೀರಿಗೆ ಹೇಳಿಕೊಡಲಿ. ಆಮೇಲೆ ಯಾರಾದ್ರೂ ಬರೋರಿದ್ರೆ ಗಾಳಿ ಪಂಪಿನ ಸೂಜಿ ಎರಡು ತನ್ನಿ, ನಮ್ಮದು ಮುರಿದು ಹೋಗಿದೆ, ಬೆಳಗ್ಗೆ ಅಷ್ಟೊತ್ತಿಗೆ ಯಾವ ಅಂಗಡೀನೂ ತೆಗೆದಿರಲ್ಲ.